ಬೆಲ್ಲದ ಬಣ್ಣವೂ ಮಾತಿನ ಬಣ್ಣನೆಯೂ

ಕೈಯಿಂದ ದುಡಿದವನು ಬಾಯಿಂದಲೂ ದುಡಿಯಬೇಕೆ? ನೆಯ್ದ ಸೀರೆಯನ್ನು ಮಾರದೆ ನೇಕಾರನ ಒಲೆ ಉರಿಯದು. ಕಾಸಿದ ಬೆಲ್ಲವನ್ನು ಪೇಟೆಗೆ ಹಾಕದೆ ರೈತನ ಸಾಲ ತೀರದು. ಮಾರಬೇಕಾದರೆ ಕೊಳ್ಳುವವನಿಗೆ ವಸ್ತುವಿನ ಸುದ್ದಿ ಮುಟ್ಟಬೇಕು. ಸುದ್ದಿ ಮುಟ್ಟಿಸಬೇಕಾದರೆ ತನ್ನದನ್ನು ತಾನೇ ಹೇಳಿಕೊಳ್ಳಬೇಕು. ಆದರೆ ಅಂತರಂಗ ಬಹಿರಂಗಗಳ ಶುದ್ಧಿಗಾಗಿ ಬಸವಣ್ಣನವರು ವಿಧಿಸಿದ ಏಳು ನಿಷೇಧಗಳಲ್ಲಿ ಆತ್ಮಪ್ರಶಂಸೆಯನ್ನು ತೊರೆಯಬೇಕೆಂಬುದೂ ಒಂದು, ಪರನಿಂದೆಯನ್ನು ತೊರೆಯಬೇಕೆಂಬುದೂ ಒಂದು. ಕಳವು, ಕೊಲೆ, ಹುಸಿಗಳ ಸಾಲಿನಲ್ಲಿಯೇ ಇವೆರಡನ್ನೂ ಅವರು ನಿಲ್ಲಿಸಿರುವರೆಂಬುದನ್ನು ಮರೆಯಲಾಗದು. ಹಾಗಾದರೆ ಶರಣರ ಮಾರ್ಗದಲ್ಲಿ ನಡೆಯಬೇಕೆಂಬ ಹಂಬಲವುಳ್ಳ ವ್ಯಾಪಾರಿಯು ಏನು ಮಾಡಬೇಕು? ಸುಮ್ಮನಿದ್ದರೆ ಸಂಸಾರ ಕೆಡುವುದು. ಹೇಳಿಕೊಂಡರೆ ನೇಮ ಕೆಡುವುದು. ಈ ಇಕ್ಕಟ್ಟನ್ನು ಕುರಿತು ಸ್ವಲ್ಪ ವಿಚಾರ ಮಾಡುವುದು ಇಂದು ಅವಶ್ಯವಾಗಿದೆ.

ಇಂದು ಎಂದು ಹೇಳಲು ಕಾರಣವುಂಟು. ಹಿಂದೆ ಮುಧೋಳ ಸಂಸ್ಥಾನದಲ್ಲಿದ್ದು, 1948ರಲ್ಲಿ ಮುಂಬಯಿ ಪ್ರಾಂತಕ್ಕೂ 1956ರಲ್ಲಿ ಮೈಸೂರು ರಾಜ್ಯಕ್ಕೂ ಸೇರಿ, 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿರುವ ಮಹಾಲಿಂಗಪುರವು ಎರಡು ಕಾಯಕಗಳಿಂದ ಹೆಸರಾದ ಊರು. ಒಂದು ಬೆಲ್ಲ, ಇನ್ನೊಂದು ಮಗ್ಗ. ಸುತ್ತಣ ಹೊಲಗಳ ಕಬ್ಬು ಒಂದು ಪಾಲು ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋದರೆ ಇನ್ನೊಂದು ಪಾಲು ಗಾಣಗಳಿಗೆ ಹೋಗುವುದು. ಅಲ್ಲಿಂದ ಪೆಂಟೆಗಳಾಗಿ ಊರ ಬೆಲ್ಲದ ಪೇಟೆಗೆ ಬಂದು ಸವಾಲಿನಲ್ಲಿ ಮಾರಾಟವಾಗುವುದು. ಪಕ್ಕದ ರಬಕವಿ ಬನಹಟ್ಟಿಗಳಲ್ಲಿಯೂ ಈ ಊರಿನ ಓಣಿಗಳಲ್ಲಿಯೂ ಮಗ್ಗದ ಸದ್ದು ಹಗಲೆಲ್ಲ ಕೇಳುವುದು. ಈ ಎರಡೂ ಕಾಯಕಗಳಲ್ಲಿ ತಯಾರಿಸುವವನಿಗೂ ಉಣ್ಣುವ ಉಡುವವನಿಗೂ ನಡುವೆ ಅಡತಿಯವರು, ದಲಾಲರು, ಸಾವಕಾರರು ಎಂದು ಹಲವು ಕೈಗಳು ಇದ್ದೇ ಇವೆ. ಈಗ ಕೆಲವು ವರ್ಷಗಳಿಂದ ಆ ಕೈಗಳನ್ನು ದಾಟಿ ಹೋಗುವ ಒಂದು ಹಾದಿ ಪ್ರತಿಯೊಬ್ಬನ ಜೇಬಿನಲ್ಲಿಯೇ ಬಂದು ಕುಳಿತಿದೆ. 2016ರಲ್ಲಿ ಯುಪಿಐ ಬಂದು ದೂರದೂರಿನಿಂದ ಹಣ ಕ್ಷಣದಲ್ಲಿ ಮುಟ್ಟುವಂತಾಯಿತು. 2018ರಲ್ಲಿ ಸಣ್ಣ ವ್ಯಾಪಾರಿಗಳಿಗೆಂದೇ ವಾಟ್ಸಾಪ್ ಬಿಜಿನೆಸ್ ಬಂದು, ಆಮೇಲೆ ಸರಕಿನ ಚಿತ್ರಪಟ್ಟಿಯನ್ನು ಮೊಬೈಲಿನಲ್ಲಿಯೇ ಇಡುವಂತಾಯಿತು. 2020ರಲ್ಲಿ ಇನ್‌ಸ್ಟಾಗ್ರಾಮಿನ ರೀಲ್ಸ್ ನಮ್ಮ ದೇಶಕ್ಕೆ ಬಂದ ಮೇಲಂತೂ ಅಂಗಡಿ, ಗಾಣ, ಮಗ್ಗ ಎಲ್ಲವೂ ಚಲಿಸುವ ಚಿತ್ರಗಳಾದವು.

ಶ್ರಾವಣದ ಒಂದು ಸಂಜೆ ಪ್ರವಚನ ಮುಗಿದ ಮೇಲೆ ಬೆಲ್ಲದ ಮನೆತನದ ತಂದೆ ಮಗ ಇಬ್ಬರೂ ಕಟ್ಟೆಯ ಮೇಲೆ ಕುಳಿತು ವಾದಿಸುತ್ತಿದ್ದುದನ್ನು ಕೇಳುವ ಪ್ರಸಂಗ ನನಗೆ ಒದಗಿತು. ಮಗನು ತಮ್ಮ ಗಾಣದ ಬೆಲ್ಲವನ್ನು ಮೊಬೈಲಿನ ಮೂಲಕ ಮಾರಲು ಹೊರಟಿದ್ದನು. ತಂದೆಗೆ ಅದು ಸೇರದು. "ಬೆಲ್ಲ ಇದ್ದಲ್ಲಿ ಇರುವಿ ತಾವ ಬರ್ತಾವು. ಇರುವಿಗೆ ಯಾರರೆ ಡಂಗುರಾ ಸಾರ್ತಾರೇನು?" ಎಂದರು ಹಿರಿಯರು. "ಖರೆ ಐತಿ ಅಪ್ಪಾ. ಆದರ ಬೆಂಗಳೂರಿನ ಇರುವಿಗೆ ನಮ್ಮ ಬೆಲ್ಲದ ವಾಸನಿ ಹೆಂಗ ಹತ್ತಬೇಕು?" ಎಂದನು ಮಗ. ಕುಳಿತವರೆಲ್ಲ ನಕ್ಕರು. ಆಮೇಲೆ ಮಗನು ತಾನು ಸಿದ್ಧಪಡಿಸಿದ ಚಿತ್ರವನ್ನು ತಂದೆಯ ಮುಂದೆ ಹಿಡಿದನು. ಹಿರಿಯರು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, "ಇದು ಯಾರ ಬೆಲ್ಲ?" ಎಂದು ಕೇಳಿದರು. ಆಗ ಯಾರೂ ನಗಲಿಲ್ಲ. ಬೆಲ್ಲ ಅವರದೇ, ಚಿತ್ರದಲ್ಲಿ ಮಾತ್ರ ಅದು ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಮಗನು ಕೊಪ್ಪರಿಗೆಯಲ್ಲಿ ಏನನ್ನೂ ಬೆರೆಸಿರಲಿಲ್ಲ. ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸಿ ಬಣ್ಣವನ್ನು ಸ್ವಲ್ಪ ಏರಿಸಿದ್ದನು, ಅಷ್ಟೆ. ಆ ಒಂದು ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

ಮೊದಲು ತಂದೆಯ ಪಕ್ಷವನ್ನು ಪರಿಶೀಲಿಸೋಣ. ಒಳ್ಳೆಯ ವಸ್ತುವಿಗೆ ಮಾತೇ ಬೇಡವೆಂಬುದು ಅವರ ಮತ. ಆದರೆ ಶರಣರು ವ್ಯಾಪಾರದಿಂದ ದೂರವಿದ್ದವರಲ್ಲ. ಜೇಡರ ದಾಸಿಮಯ್ಯನು ಬಟ್ಟೆ ನೆಯ್ದನು. ಮೇದರ ಕೇತಯ್ಯನು ಬಿದಿರಿನ ಬುಟ್ಟಿ ಮೊರ ಹೆಣೆದನು. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದನು. ಮೋಳಿಗೆಯ ಮಾರಯ್ಯನು ಕಟ್ಟಿಗೆಯ ಹೊರೆ ಹೊತ್ತನು. ಪುಲಿಗೆರೆಯ ಆದಯ್ಯನಂತೂ ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದೇ ಬಂದವನು. ಇವರೆಲ್ಲರೂ ಮಾಡಿದ್ದನ್ನು ಮಾರಿದವರೇ. ಬೀದಿಯಲ್ಲಿ ಹೊರೆ ಹೊತ್ತು ನಡೆಯುವವನು ಕಟ್ಟಿಗೆ ಬಂದಿದೆಯೆಂದು ಕೂಗಲೇಬೇಕು. ಹಾಗೆ ಕೂಗದಿದ್ದರೆ ಒಳಗಿರುವ ಗೃಹಿಣಿಗೆ ತಿಳಿಯುವುದೆಂತು? ಆದುದರಿಂದ ಆತ್ಮಪ್ರಶಂಸೆಯ ನಿಷೇಧವು ಮೌನದ ವಿಧಿಯಲ್ಲ. ಇದ್ದುದನ್ನು ಇದೆಯೆಂದು ತಿಳಿಸುವುದು ಪ್ರಶಂಸೆಯಾಗದು. ಅದು ನೆರೆಯವನಿಗೆ ಮಾಡುವ ಒಂದು ಉಪಕಾರವೂ ಹೌದು. ಏಕೆಂದರೆ ಬೇಕಾದವನಿಗೆ ಬೇಕಾದುದು ಎಲ್ಲಿದೆಯೆಂಬುದು ತಿಳಿಯುವುದು.

ಹಾಗಾದರೆ ದೋಷ ಎಲ್ಲಿ ಪ್ರಾರಂಭವಾಗುವುದು? ನಮ್ಮ ಸಂತೆಗಳನ್ನು ನೋಡಿದರೆ ಉತ್ತರ ದೊರೆಯುವುದು. ಕುಂಬಾರನು ಮಡಕೆಯನ್ನು ಹೊಗಳುವುದಿಲ್ಲ, ಬೆರಳಿನಿಂದ ಬಾರಿಸುವನು. ಬಿರುಕಿದ್ದರೆ ಮಡಕೆಯೇ ಹೇಳುವುದು. ಬಟ್ಟೆಯವನು ಸೀರೆಯನ್ನು ಅಂಗಡಿಯ ಕತ್ತಲೆಯಿಂದ ಹೊರತಂದು ಬಿಸಿಲಿಗೆ ಹಿಡಿದು, ಸೆರಗು ದಡಿಗಳನ್ನು ಬಿಚ್ಚಿ, ತಿರುಗುಮುರುಗು ಮಾಡಿ ತೋರಿಸುವನು. ಬೆಲ್ಲದವನು ಪೆಂಟೆಯಿಂದ ಒಂದು ಚೂರು ಮುರಿದು ಗಿರಾಕಿಯ ಅಂಗೈಯಲ್ಲಿಡುವನು. ಇವುಗಳಲ್ಲಿ ಮಾರುವವನು ತೀರ್ಪು ಕೊಡುವುದಿಲ್ಲ. ತೀರ್ಪಿಗೆ ಬೇಕಾದುದನ್ನು ಕೊಳ್ಳುವವನ ಕೈಗೆ ಕೊಡುವನು. ಇದು ತೋರುವುದು. ಇದಕ್ಕೆ ವಿರುದ್ಧವಾಗಿ, ಕೊಳ್ಳುವವನು ನೋಡುವ ಮೊದಲೇ ಅವನ ಪರವಾಗಿ ತಾನೇ ತೀರ್ಪು ಕೊಟ್ಟುಬಿಡುವುದು ಬಣ್ಣಿಸುವುದು. ಬಣ್ಣಿಸುವುದೆಂಬ ಮಾತಿನ ಒಡಲಲ್ಲಿಯೇ ಬಣ್ಣವಿರುವುದನ್ನು ವಾಚಕರು ಗಮನಿಸಬೇಕು. ತೋರುವವನು ಪರದೆಯನ್ನು ಸರಿಸುವನು. ಬಣ್ಣಿಸುವವನು ಪರದೆಯ ಮೇಲೆಯೇ ಚಿತ್ರ ಬರೆಯುವನು. ಮೊದಲನೆಯದು ಕಾಯಕದ ಕೊನೆಯ ಹಂತ. ಎರಡನೆಯದು ಆತ್ಮಪ್ರಶಂಸೆಯ ಮೊದಲ ಹೆಜ್ಜೆ.

ಈ ವಿವೇಕವನ್ನು ಮೊಬೈಲಿನ ಪೇಟೆಗೆ ಅನ್ವಯಿಸಿದರೆ ಒಂದು ತೊಡಕು ಎದುರಾಗುವುದು. ಅಲ್ಲಿ ಮಡಕೆಯನ್ನು ಬಾರಿಸಲು ಬಾರದು, ಸೀರೆಯನ್ನು ಬೆರಳಿನ ನಡುವೆ ತಿಕ್ಕಲು ಬಾರದು, ಬೆಲ್ಲವನ್ನು ನಾಲಗೆಯ ಮೇಲಿಡಲು ಬಾರದು. ಐದು ಇಂದ್ರಿಯಗಳಲ್ಲಿ ಕಣ್ಣಿಗೂ ಕಿವಿಗೂ ಮಾತ್ರ ಪ್ರವೇಶ. ಕೊಳ್ಳುವವನ ಪರೀಕ್ಷೆ ಎಷ್ಟು ಕುಗ್ಗುವುದೋ ಮಾರುವವನ ಹೊಣೆ ಅಷ್ಟೇ ಹಿಗ್ಗುವುದು. ಎದುರಿಗಿರುವ ಗಿರಾಕಿಗೆ ಅರ್ಧ ಸತ್ಯ ಹೇಳಿದರೆ ಉಳಿದರ್ಧವನ್ನು ಅವನ ಕೈ ಕಂಡುಕೊಳ್ಳುವುದು. ಇನ್ನೂರು ಹರದಾರಿ ದೂರದವನಿಗೆ ಅರ್ಧ ಸತ್ಯ ಹೇಳಿದರೆ ಅವನು ಉಳಿದರ್ಧವನ್ನು ಹಣ ಕೊಟ್ಟ ಮೇಲೆಯೇ ಕಾಣಬೇಕು. ಆದುದರಿಂದ ದೂರದ ಮಾತು ಹತ್ತಿರದ ಮಾತಿಗಿಂತ ಹೆಚ್ಚು ಶುದ್ಧವಾಗಿರಬೇಕಾಗುವುದು. ದುರ್ದೈವದಿಂದ ಲೋಕದಲ್ಲಿ ನಡೆಯುವುದು ಇದಕ್ಕೆ ವಿರುದ್ಧ.

ಬೆಲ್ಲದ ಬಣ್ಣದ ಸಂಗತಿಯನ್ನೇ ತೆಗೆದುಕೊಳ್ಳೋಣ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಸುವಾಗ ಮೇಲೆ ಬರುವ ಕೊಳೆಯನ್ನು ತೆಗೆಯಲು ಹಿಂದಿನವರು ಬೆಂಡೆಯ ಗಿಡದ ಲೋಳೆಯನ್ನೂ ಹದವಾಗಿ ಸುಣ್ಣವನ್ನೂ ಬಳಸುತ್ತಿದ್ದರು. ಹೀಗೆ ಕಾಸಿದ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣಕ್ಕಿರುವುದು. ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿ ಬೆವರುವುದು, ಇನ್ನಷ್ಟು ಕಪ್ಪಾಗುವುದು. ಕೊಳ್ಳುವವರ ಕಣ್ಣಿಗೆ ಹಳದಿಯೇ ಶುದ್ಧವೆಂದು ತೋರುವುದರಿಂದ ಎಷ್ಟೋ ಕಡೆಗಳಲ್ಲಿ ಹೈಡ್ರೋಸ್ ಎಂದು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ರಾಸಾಯನಿಕವನ್ನು ಪಾಕಕ್ಕೆ ಹಾಕುವ ರೂಢಿ ಬಿದ್ದಿತು. ಅದರಿಂದ ಬೆಲ್ಲ ಹೊನ್ನಿನಂತೆ ಹೊಳೆಯುವುದು. ಗಂಧಕದ ಅಂಶ ಅದರಲ್ಲಿ ಉಳಿಯುವುದು. ವಿಚಿತ್ರವೆಂದರೆ ಆ ಹೊಳಪು ಬಾಳುವುದೂ ಇಲ್ಲ. ದಾಸ್ತಾನಿನಲ್ಲಿ ಕೆಲವು ಕಾಲ ಇಟ್ಟರೆ ಬಣ್ಣ ಇಳಿದು ಬೆಲ್ಲ ಮತ್ತೆ ಕಂದಾಗುವುದು. ಹೊರಗಿನಿಂದ ತಂದ ಬಣ್ಣ ಹೊರಗೇ ಹೋಗುವುದು. ಉಳಿಯುವುದು ಕಬ್ಬಿನ ಸ್ವಭಾವ ಮಾತ್ರ.

ಈಗ ಆ ಮಗನ ಚಿತ್ರಕ್ಕೆ ಬರೋಣ. ಕೊಪ್ಪರಿಗೆಗೆ ಹೈಡ್ರೋಸ್ ಹಾಕುವವನೂ ಚಿತ್ರಕ್ಕೆ ಹಳದಿ ಹಾಕುವವನೂ ಒಂದೆಯೆ? ಒಂದೇ ಎನ್ನಲಾಗದು. ಮೊದಲನೆಯವನದು ಉಣ್ಣುವವನ ಒಡಲನ್ನು ಮುಟ್ಟುವ ಕೆಲಸ. ಎರಡನೆಯವನದು ಕೇವಲ ಕಣ್ಣನ್ನು ಮುಟ್ಟುವುದು. ಮಗನು ಈ ಭೇದವನ್ನೇ ಹಿಡಿದು ವಾದಿಸಿದನು. ತಾನು ಯಾರಿಗೂ ವಿಷವನ್ನುಣಿಸಿಲ್ಲ. ಬಂದ ಬೆಲ್ಲ ಶುದ್ಧವಾದುದೇ. ಚಿತ್ರ ಸ್ವಲ್ಪ ಚೆಲುವಾದರೆ ಯಾರಿಗೇನು ನಷ್ಟ? ಎಂದನು. ಇದಕ್ಕೆ ಉತ್ತರವೇನೆಂದರೆ, ನಷ್ಟವಾಗುವುದು ಅವನ ಶುದ್ಧ ಬೆಲ್ಲಕ್ಕೇ. ಹಳದಿಯ ಚಿತ್ರವನ್ನು ತೋರಿಸಿದವನು ಕೊಳ್ಳುವವನ ಮನಸ್ಸಿನಲ್ಲಿ ಹಳದಿಯೇ ಒಳ್ಳೆಯದೆಂಬ ಭ್ರಾಂತಿಯನ್ನು ಇನ್ನೊಂದು ಮೊಳೆ ಹೊಡೆದು ಗಟ್ಟಿಗೊಳಿಸಿದನು. ಕಂದು ಬೆಲ್ಲ ಅಂಚೆಯಲ್ಲಿ ಬಂದು ಬಿಚ್ಚಿದಾಗ ಆ ಗಿರಾಕಿ ಮೋಸವಾಯಿತೆಂದುಕೊಳ್ಳುವನು. ಮುಂದಿನ ಸಲ ಆ ಯುವಕನೂ ಕೊಪ್ಪರಿಗೆಯ ಕಡೆಗೆ ಕೈ ಚಾಚಬೇಕಾಗುವುದು; ಏಕೆಂದರೆ ಚಿತ್ರಕ್ಕೆ ಬೆಲ್ಲವು ಹೊಂದಿಕೊಳ್ಳಲೇಬೇಕಲ್ಲ! ಮಾತಿನ ಬಣ್ಣ ಹೀಗೆ ವಸ್ತುವಿನ ಬಣ್ಣಕ್ಕೆ ದಾರಿ ಮಾಡಿಕೊಡುವುದು. ಶರಣರು ಹುಸಿಯನ್ನೂ ಆತ್ಮಪ್ರಶಂಸೆಯನ್ನೂ ಒಂದೇ ಸಾಲಿನಲ್ಲಿಟ್ಟುದರ ಮರ್ಮ ಇಲ್ಲಿ ಸ್ಪಷ್ಟವಾಗುವುದು. ಒಂದು ಇನ್ನೊಂದರ ಹೊಸ್ತಿಲು.

ಇದರಲ್ಲಿ ಕೊಳ್ಳುವವನ ಪಾಲೂ ಇಲ್ಲದಿಲ್ಲ. ರಾಸಾಯನಿಕವಿಲ್ಲದ ಬೆಲ್ಲ ಬೇಕೆಂದು ಬಾಯಲ್ಲಿ ಹೇಳುತ್ತ, ಕೈಯಲ್ಲಿ ಮಾತ್ರ ಹಳದಿ ಪೆಂಟೆಯನ್ನೇ ಎತ್ತಿಕೊಳ್ಳುವವರು ನಾವು. ತೋರುವವನು ತೋರಬೇಕಾದರೆ ನೋಡುವವನಿಗೆ ನೋಡಲು ತಿಳಿದಿರಬೇಕು. ಆದುದರಿಂದ ಸಣ್ಣ ವ್ಯಾಪಾರಿಯು ಮೊಬೈಲಿನಲ್ಲಿ ಮಾಡಬಹುದಾದ ಅತ್ಯುತ್ತಮ ಪ್ರಚಾರವೆಂದರೆ ಕಲಿಸುವುದು. ಬೆಲ್ಲ ಏಕೆ ಕಂದಾಗಿದೆ, ಮಳೆಗಾಲದಲ್ಲಿ ಏಕೆ ಬೆವರುವುದು, ನೂರು ಕಿಲೋ ಕಬ್ಬಿಗೆ ಸುಮಾರು ಹತ್ತು ಕಿಲೋ ಬೆಲ್ಲ ಮಾತ್ರ ಬರುವುದರಿಂದ ಬೆಲೆ ಏಕೆ ಇಷ್ಟಿದೆ, ಈ ಸಲದ ಪಾಕ ಸ್ವಲ್ಪ ಗಟ್ಟಿಯಾಗಿದೆಯೆಂಬುದು, ಇವುಗಳನ್ನೆಲ್ಲ ಇದ್ದಂತೆ ಹೇಳುವುದು. ತನ್ನ ವಸ್ತುವಿನ ಕುಂದನ್ನು ತಾನೇ ಮೊದಲು ಹೇಳುವವನ ಗುಣದ ಮಾತನ್ನು ಲೋಕ ನಂಬುವುದು. ಇದು ಚಾತುರ್ಯವೆಂದು ಹೇಳುತ್ತಿಲ್ಲ. ಚಾತುರ್ಯಕ್ಕಾಗಿ ಕುಂದನ್ನು ಹೇಳುವವನು ಇನ್ನೊಂದು ಬಗೆಯ ಬಣ್ಣಗಾರನೇ. ಇದ್ದುದನ್ನು ಇದ್ದಂತೆ ಹೇಳುವುದು ಅಭ್ಯಾಸವಾಗಬೇಕು, ಉಪಾಯವಾಗಬಾರದು.

ಎರಡನೆಯ ದೋಷ ಸಾಕ್ಷಿಯನ್ನು ಕೊಳ್ಳುವುದು. ಒಬ್ಬನು ತನ್ನನ್ನು ತಾನೇ ಹೊಗಳಿಕೊಂಡರೆ ಜನ ನಗುವರೆಂದು ಹೊಗಳಿಕೆಯನ್ನು ಇನ್ನೊಬ್ಬರ ಬಾಯಿಂದ ಹೇಳಿಸುವರು. ಮೆಚ್ಚುಗೆಯ ಎಣಿಕೆಯನ್ನು ದುಡ್ಡಿಗೆ ಕೊಳ್ಳುವುದು, ಬಂಧುಬಳಗದವರಿಂದ ಗಿರಾಕಿಗಳ ಹೆಸರಿನಲ್ಲಿ ಅಭಿಪ್ರಾಯ ಬರೆಸುವುದು, ಹೆಸರಾದ ಮುಖಕ್ಕೆ ಹಣ ತೆತ್ತು ಆ ಹಣದ ಸಂಗತಿಯನ್ನು ಮುಚ್ಚಿಡುವುದು, ಇವೆಲ್ಲ ಇಂದು ಸಾಮಾನ್ಯವಾಗಿವೆ. ಆತ್ಮಪ್ರಶಂಸೆಗೆ ಮುಖವಾಡ ತೊಡಿಸಿದರೆ ಅದು ಆತ್ಮಪ್ರಶಂಸೆಯಾಗುವುದು ತಪ್ಪೀತೆ? ಅದರ ಮೇಲೆ ಕಳ್ಳಸಾಕ್ಷಿಯ ಪಾಪವೂ ಸೇರುವುದು. ಕಾನೂನು ಕೂಡ ಇದನ್ನು ಗಮನಿಸಿದೆ. 2020ರಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೂ, ಮರಳಿ ಅದೇ ತಪ್ಪನ್ನು ಮಾಡಿದರೆ 50 ಲಕ್ಷದವರೆಗೂ ದಂಡ ವಿಧಿಸಬಹುದು. ಮಾಡಿಸಿದವನಿಗಷ್ಟೇ ಅಲ್ಲ, ಹೊಗಳಿದವನಿಗೂ ಅದು ತಗಲುವುದು. 2022ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಅಂತರ್ಜಾಲದ ಗ್ರಾಹಕ ಅಭಿಪ್ರಾಯಗಳ ಬಗ್ಗೆಯೇ ಒಂದು ಮಾನಕವನ್ನು ಪ್ರಕಟಿಸಿತು. ಆದರೆ ಕಾನೂನು ಹೊಲದ ಬೇಲಿಯಷ್ಟೆ. ಬೇಲಿಯಿಂದ ದನ ನಿಲ್ಲುವುದು, ಬೆಳೆ ಬೆಳೆಯುವುದಿಲ್ಲ. ಯಾವ ಅಧಿಕಾರಿಯೂ ಮಹಾಲಿಂಗಪುರದ ಒಂದು ಗಾಣದ ಚಿತ್ರವನ್ನು ಹುಡುಕಿಕೊಂಡು ಬರಲಾರನೆಂಬುದು ಆ ಯುವಕನಿಗೂ ಗೊತ್ತು, ನಮಗೂ ಗೊತ್ತು. ಯಾರೂ ನೋಡದಿರುವಲ್ಲಿ ನಡೆ ಹೇಗಿದೆಯೆಂಬುದರಲ್ಲಿಯೇ ಕಾಯಕದ ಪರೀಕ್ಷೆಯಿರುವುದು.

ಮೂರನೆಯದು ಪರನಿಂದೆ. ಇದು ನಮ್ಮ ಭಾಗದ ನೇಕಾರರಿಗೆ ಹತ್ತಿರದ ವಿಷಯ. ಕೈಮಗ್ಗದವರು ವಿದ್ಯುತ್ ಮಗ್ಗದ ಬಟ್ಟೆಯನ್ನು ಹಳಿದು ತಮ್ಮದನ್ನು ಮಾರುವುದು ಉಂಟು. ವಿಚಾರಿಸಿ ನೋಡಿದರೆ, ವಿದ್ಯುತ್ ಮಗ್ಗದ ಮುಂದೆ ಹಗಲಿರುಳು ನಿಂತು ಕಡಿದ ಎಳೆಯನ್ನು ಗಂಟು ಹಾಕುವವನದೂ ಕಾಯಕವೇ. ಅವನ ಮನೆಯಲ್ಲಿಯೂ ಮಕ್ಕಳಿವೆ. ಅವನ ಬಟ್ಟೆ ಅಗ್ಗವಾಗಿರುವುದು ದೋಷವಲ್ಲ; ಬಡವರ ಮೈ ಮುಚ್ಚುವುದು ಆ ಬಟ್ಟೆಯೇ. ದೋಷವು ಬರುವುದು ಆ ಬಟ್ಟೆಗೆ ಕೈಮಗ್ಗದ್ದೆಂದು ಹೆಸರಿಟ್ಟಾಗ. ಕೈಮಗ್ಗದ ಬಟ್ಟೆಗೆಂದು ಕೇಂದ್ರ ಸರಕಾರವು 2006ರಲ್ಲಿಯೇ ಕೈಮಗ್ಗ ಮುದ್ರೆಯನ್ನು ತಂದಿತು. ನಮ್ಮ ಜಿಲ್ಲೆಯ ಇಲಕಲ್ಲ ಸೀರೆಗೆ ಭೌಗೋಳಿಕ ಗುರುತು ದೊರೆತಿದೆ. ಇಂಥ ಗುರುತುಗಳಿರುವುದು ಸುಳ್ಳು ಹೆಸರನ್ನು ತಡೆಯುವುದಕ್ಕೆ, ಒಬ್ಬ ದುಡಿಯುವವನಿಂದ ಇನ್ನೊಬ್ಬ ದುಡಿಯುವವನನ್ನು ಹಳಿಸುವುದಕ್ಕಲ್ಲ. ಇದು ನನ್ನ ಕೈಮಗ್ಗದ ಸೀರೆ, ಇದನ್ನು ನೆಯ್ಯಲು ಇಷ್ಟು ದಿನ ಹಿಡಿಯಿತು ಎಂದು ಹೇಳಿದರೆ ತೋರಿದಂತಾಯಿತು. ಆಚೆಯ ಓಣಿಯದು ಕಸ ಎಂದರೆ ತನ್ನ ಸೀರೆಗೆ ಒಂದೆಳೆಯೂ ಹೆಚ್ಚಾಗದೆ ತನ್ನ ನಾಲಗೆ ಮಾತ್ರ ಮೈಲಿಗೆಯಾಯಿತು.

ನಾಲ್ಕನೆಯ ದೋಷವನ್ನು ಹೇಳಲು ಸಂಕೋಚವಾದರೂ ಹೇಳಲೇಬೇಕು. ದಾಸೋಹವೂ ಈಗ ಪ್ರಚಾರದ ಸರಕಾಗಿದೆ. ಜಾತ್ರೆಯಲ್ಲಿ ಪ್ರಸಾದಕ್ಕೆ ಬೆಲ್ಲ ಕೊಟ್ಟವನು ಕೊಡುವ ಕೈಯನ್ನೂ ಪಡೆಯುವವರ ಸಾಲನ್ನೂ ಚಿತ್ರ ತೆಗೆದು ಕೆಳಗೆ ತನ್ನ ಅಂಗಡಿಯ ಹೆಸರನ್ನು ಬರೆಯುವನು. ಶರಣರ ಭಾವಚಿತ್ರವು ಸರಕಿನ ಚೀಟಿಯ ಮೇಲೆ ಏರುವುದು. ದಾಸೋಹವೆಂದರೆ ಕೊಡುವವನು ತಾನು ದಾಸನೆಂದು ಅರಿತು ಕೊಡುವುದು. ಕೊಟ್ಟುದು ನನ್ನದೆಂಬ ಭಾವ ಅಳಿದಾಗಲೇ ಅದು ದಾಸೋಹ, ಉಳಿದರೆ ದಾನ, ಅದಕ್ಕೆ ಪ್ರತಿಯಾಗಿ ಗಿರಾಕಿಗಳನ್ನು ಬಯಸಿದರೆ ಅದು ದಾನವೂ ಅಲ್ಲ, ಬಂಡವಾಳ ಹೂಡಿಕೆ. ಬಂಡವಾಳ ಹೂಡುವುದು ಪಾಪವಲ್ಲ. ಅದನ್ನು ದಾಸೋಹವೆಂದು ಕರೆಯುವುದು ಮಾತ್ರ ಪೇಟೆಯಲ್ಲಿ ಹಿತ್ತಾಳೆಯನ್ನು ಬಂಗಾರವೆಂದು ತೂಗಿದಂತೆ. ಮೇಲಾಗಿ ಪಂಕ್ತಿಯಲ್ಲಿ ಕುಳಿತು ಉಣ್ಣುವವನ ಮುಖವನ್ನು ಅವನ ಅಪ್ಪಣೆಯಿಲ್ಲದೆ ಊರೂರಿಗೆ ಹಂಚಲು ನಮಗೆ ಅಧಿಕಾರ ಕೊಟ್ಟವರಾರು?

ಇದಕ್ಕೆ ಸೇರಿದಂತೆ ಇನ್ನೊಂದು ಸೂಕ್ಷ್ಮ ವಿಷಯವಿದೆ. ಮುಪ್ಪಿನ ನೇಕಾರ್ತಿಯೊಬ್ಬಳ ಸುಕ್ಕುಗಟ್ಟಿದ ಕೈಗಳು ಲಾಳಿಯನ್ನು ಎಸೆಯುವ ಚಿತ್ರ ಮೊಬೈಲಿನಲ್ಲಿ ಬಹಳ ಜನರ ಮನಸ್ಸನ್ನು ಕರಗಿಸುವುದು. ಅದನ್ನು ನೋಡಿ ನಗರದವರು ಸೀರೆಗೆ ಹೆಚ್ಚಿನ ಬೆಲೆ ಕೊಡಲು ಸಿದ್ಧರಾಗುವರು. ಆ ಹೆಚ್ಚಿನ ಬೆಲೆ ಯಾರಿಗೆ ಸಲ್ಲಬೇಕು? ಸೀರೆಯ ಬೆಲೆ ಏರಿ ಆಕೆಯ ಮಜೂರಿ ಮೊದಲಿನಷ್ಟೇ ಉಳಿದರೆ, ಮಾರಾಟವಾದುದು ಸೀರೆಯಷ್ಟೇ ಅಲ್ಲ, ಆಕೆಯ ಮುಪ್ಪೂ ಮಾರಾಟವಾಯಿತು, ಅದರ ಬೆಲೆ ಮಾತ್ರ ಆಕೆಗೆ ಸಲ್ಲಲಿಲ್ಲ. ಇಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯದಿರಲಾಗದು. ಕಲ್ಯಾಣದಲ್ಲಿ ಮಹಾಮನೆಯ ಅಂಗಳದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿ ಕಳುಹಿಸಿದಳೆಂಬ ಕಥೆ ನಮಗೆಲ್ಲ ತಿಳಿದುದೇ. ಹೆಚ್ಚು ಬಂದಾಗ ಆಕೆ ಕೇಳಿದ ಪ್ರಶ್ನೆ ಎಷ್ಟು ಬಂದಿತೆಂಬುದಲ್ಲ, ಇದು ಯಾರದೆಂಬುದು. ಮೊಬೈಲಿನಿಂದ ವ್ಯಾಪಾರ ಬೆಳೆದ ಪ್ರತಿಯೊಬ್ಬನೂ ತಿಂಗಳ ಕೊನೆಗೆ ತನ್ನ ಲೆಕ್ಕದ ಪುಸ್ತಕದ ಮುಂದೆ ಕುಳಿತು ಆ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳಿತು.

ಇಷ್ಟೆಲ್ಲ ದೋಷಗಳಿರುವುದಾದರೆ ಆ ಸಾಧನವನ್ನೇ ಬಿಟ್ಟುಬಿಡಬಾರದೇಕೆ ಎಂದು ಕೆಲವರು ಕೇಳಬಹುದು. ಅವರಿಗೆ ಹಳಕಟ್ಟಿಯವರ ಬಾಳನ್ನು ನೆನಪಿಸಬೇಕು. ಫ. ಗು. ಹಳಕಟ್ಟಿಯವರು ತಾಳೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಇದಕ್ಕಾಗಿ ಮನೆಯನ್ನೇ ಮಾರಿದರು. ಅಂದಿಗೆ ಮುದ್ರಣಯಂತ್ರವೇ ಹೊಸ ಸಾಧನ. ಸುಳ್ಳು ಜಾಹೀರಾತುಗಳೂ ಅದರಲ್ಲಿಯೇ ಅಚ್ಚಾಗುತ್ತಿದ್ದವು. ಅದಕ್ಕಾಗಿ ಅವರು ಅಚ್ಚಿನ ಮೊಳೆಗಳನ್ನು ದೂರವಿಡಲಿಲ್ಲ. ಸಾಧನವು ಯಾರ ಸೇವೆಯಲ್ಲಿದೆಯೆಂಬುದೇ ಮುಖ್ಯ.

ಆದರೆ ಈ ಹೋಲಿಕೆಯನ್ನು ಪೂರ್ತಿಯಾಗಿ ಎಳೆಯಲಾಗದೆಂಬುದನ್ನೂ ಒಪ್ಪಬೇಕು. ಹಳಕಟ್ಟಿಯವರ ಯಂತ್ರ ಅವರ ಕೈಯಲ್ಲಿತ್ತು. ಮೊಬೈಲಿನ ಈ ಪೇಟೆ ನಮ್ಮ ಕೈಯಲ್ಲಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಮೆಟಾ ಎಂಬ ಒಂದೇ ಕಂಪನಿಗೆ ಸೇರಿದವು. ಯಾರ ಚಿತ್ರವನ್ನು ಯಾರ ಕಣ್ಣಿಗೆ ಬೀಳಿಸಬೇಕೆಂಬುದನ್ನು ಅವರ ಲೆಕ್ಕಾಚಾರವೇ ನಿರ್ಣಯಿಸುವುದು. ಹಣ ಕೊಟ್ಟು ಹಾಕುವ ಜಾಹೀರಾತುಗಳ ಸ್ಥಾನವನ್ನು ಅಲ್ಲಿ ಸವಾಲಿನಿಂದಲೇ ಮಾರುವರು. ನಮ್ಮ ಪೇಟೆಯಲ್ಲಿ ಸವಾಲಿಗೆ ಬೀಳುವುದು ಬೆಲ್ಲ. ಅಲ್ಲಿ ಸವಾಲಿಗೆ ಬೀಳುವುದು ಮನುಷ್ಯನ ಗಮನ. ಕಣ್ಣನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದಕ್ಕೆ ಅಲ್ಲಿ ಮೇಲಿನ ಆಸನ. ನೆಟ್ಟಗೆ ಹೇಳಿದ ಮಾತಿಗಿಂತ ಕುಣಿದು ಹೇಳಿದ ಮಾತು ಕಣ್ಣನ್ನು ಹಿಡಿಯುವುದು ಸಹಜ. ಆದುದರಿಂದ ಆ ಪೇಟೆಗೆ ಕಾಲಿಟ್ಟವನನ್ನು ಅದರ ಗಾಳಿಯೇ ಬಣ್ಣನೆಯ ಕಡೆಗೆ ತಳ್ಳುತ್ತಿರುವುದು. ದಿನಕ್ಕೊಂದು ಚಿತ್ರ ಹಾಕದಿದ್ದರೆ ಜನ ಮರೆಯುವರೆಂಬ ಭಯದಿಂದ ಕೊಪ್ಪರಿಗೆಯ ಪಾಕ ಹದ ಮೀರುವಾಗ ಗಾಣದವನು ಮೊಬೈಲನ್ನು ಹಿಡಿದು ನಿಂತರೆ, ಕಾಯಕವೇ ಪ್ರಚಾರದ ಆಳಾಯಿತೆಂದು ತಿಳಿಯಬೇಕು. ಈ ಅಪಾಯವನ್ನು ಅರಿತು ಹೋಗುವವನು ಹೋಗಬಹುದು. ಅರಿಯದೆ ಹೋಗುವವನು ತಾನು ಮಾರಲು ಹೋಗಿ ತಾನೇ ಮಾರಾಟವಾಗುವನು.

ಹಾಗೆಂದು ಹೋಗದೆ ಉಳಿಯುವುದೇ ಪುಣ್ಯವೆಂದೂ ಹೇಳಲಾಗದು. 2020ರ ಮಾರ್ಚಿನಲ್ಲಿ ಕೊರೋನಾ ರೋಗದಿಂದ ದೇಶವೆಲ್ಲ ಮುಚ್ಚಿದಾಗ ಸಂತೆ ಜಾತ್ರೆಗಳು ನಿಂತವು, ಅಂಗಡಿಗಳು ಮುಚ್ಚಿದವು, ನೆಯ್ದ ಸೀರೆಗಳು ಮನೆಯಲ್ಲಿಯೇ ಮಡಿಕೆಗಟ್ಟಿ ಉಳಿದವು. ಆಗ ಮೊಬೈಲಿನ ಮೂಲಕ ಒಂದು ಸೀರೆ ಮಾರಿದವನು ಆ ವಾರದ ಜೋಳವನ್ನು ತಂದನು. ಅಂಥವನಿಗೆ ಆತ್ಮಪ್ರಶಂಸೆ ಪಾಪವೆಂದು ಉಪದೇಶಿಸಲು ಹೊಟ್ಟೆ ತುಂಬಿದವರಿಗೆ ಅಧಿಕಾರವಿಲ್ಲ. ಪ್ರಾಮಾಣಿಕನು ಸುಮ್ಮನಿದ್ದರೆ ಪೇಟೆಯೇನೂ ಬರಿದಾಗುವುದಿಲ್ಲ. ಹುಸಿಕನು ಬಂದು ಆ ಸ್ಥಳದಲ್ಲಿ ಕೂರುವನು. ಕಲಬೆರಕೆಯವನ ಚಿತ್ರ ಮಾತ್ರ ಕಾಣುವ ಪೇಟೆಯಲ್ಲಿ ಗಿರಾಕಿಯು ಒಳ್ಳೆಯದನ್ನು ಆರಿಸುವುದೆಲ್ಲಿಂದ? ಹೀಗೆ ನೋಡಿದರೆ ಕೆಲವು ವೇಳೆ ಮಾತನಾಡದಿರುವುದೂ ಒಂದು ತಪ್ಪೇ ಆಗುವುದು. ಮೌನಕ್ಕೆ ಹಿಂಜರಿಕೆಯೂ ಕಾರಣವಾಗಬಹುದು, ನಮ್ಮದು ದೊಡ್ಡ ಮನೆತನವೆಂಬ ಬಿಂಕವೂ ಕಾರಣವಾಗಬಹುದು. ಡಂಗುರ ಬೇಡವೆಂದ ಆ ಹಿರಿಯರ ಮಾತಿನಲ್ಲಿ ಎರಡನೆಯದೂ ಒಂದು ಎಳೆ ಇದ್ದಿತೆಂದು ಅವರೇ ಆಮೇಲೆ ನಗುತ್ತ ಒಪ್ಪಿಕೊಂಡರು.

ಒಟ್ಟಿನಲ್ಲಿ ತಂದೆಯ ಮಾತೂ ಅರ್ಧ, ಮಗನ ಮಾತೂ ಅರ್ಧ. ಬೆಂಗಳೂರಿನ ಇರುವೆಗೆ ವಾಸನೆ ಹತ್ತಿಸಬೇಕೆಂಬುದು ಮಗನ ಪಾಲಿನ ಸತ್ಯ. ಹತ್ತಿದ ವಾಸನೆ ತಮ್ಮ ಬೆಲ್ಲದ್ದೇ ಆಗಿರಬೇಕೆಂಬುದು ತಂದೆಯ ಪಾಲಿನ ಸತ್ಯ. ಈ ಎರಡನ್ನೂ ಕೂಡಿಸುವ ಒರೆಗಲ್ಲು ಆ ಹಿರಿಯರು ಕೇಳಿದ ಪ್ರಶ್ನೆಯಲ್ಲಿಯೇ ಇದೆ. ಪ್ರತಿಯೊಂದು ಚಿತ್ರವನ್ನೂ ಪ್ರತಿಯೊಂದು ಮಾತನ್ನೂ ಲೋಕಕ್ಕೆ ಬಿಡುವ ಮೊದಲು, ಆ ಕಸುಬನ್ನು ಬಲ್ಲ ಒಬ್ಬ ಹಿರಿಯರ ಮುಂದೆ ಹಿಡಿಯಬೇಕು. ಇದು ಯಾರದು ಎಂದು ಅವರು ಕೇಳದೆ, ಇದು ನಮ್ಮದೇ ಎಂದು ಗುರುತಿಸಿದರೆ ಆ ಮಾತು ತೋರಿಕೆ. ಗುರುತಿಸದೆ ಹೋದರೆ ಅದು ಬಣ್ಣನೆ. ಅಂಥ ಹಿರಿಯರು ಎಲ್ಲರ ಮನೆಯಲ್ಲಿಯೂ ಇರಲಾರರು. ಆದರೆ ಅಂತಸ್ಸಾಕ್ಷಿಯೆಂಬ ಹಿರಿಯರು ಎಲ್ಲರ ಒಳಗೂ ಇರುವರು. ಅವರ ಕಣ್ಣು ಮಂಜಾಗದಂತೆ ನೋಡಿಕೊಳ್ಳುವುದೇ ಅನುದಿನದ ಸಾಧನೆ.

ಕೆಲವು ದಿನಗಳ ಮೇಲೆ ಆ ಯುವಕನು ಮತ್ತೊಂದು ಚಿತ್ರವನ್ನು ತೋರಿಸಿದನು. ಬಿಸಿಲಿನಲ್ಲಿಟ್ಟ ಕಂದು ಪೆಂಟೆ. ಪಕ್ಕದಲ್ಲಿ ಅದನ್ನು ಮುರಿದ ಒಂದು ಚೂರು. ಚೂರನ್ನು ಹಿಡಿದ ತಂದೆಯ ಅಂಗೈ. ಕೆಳಗೆ ಎರಡೇ ಸಾಲು: ಇದು ನಮ್ಮ ಗಾಣದ ಬೆಲ್ಲ, ಬಣ್ಣ ಇದ್ದಂತೆ ಇದೆ, ಮಳೆಗಾಲದಲ್ಲಿ ಬೆವರುವುದು, ಡಬ್ಬಿಯಲ್ಲಿ ಮುಚ್ಚಿಡಿರಿ. ಬೆಲ್ಲ ಕಪ್ಪೇಕೆಂದು ಕೇಳ��ವವರೇ ಹೆಚ್ಚು, ಕೊಳ್ಳುವವರು ಕಡಿಮೆ ಎಂದು ಅವನು ಸ್ವಲ್ಪ ಬೇಸರದಿಂದಲೇ ಹೇಳಿದನು. ಕೇಳುವವರಿಗೆಲ್ಲ ಉತ್ತರ ಬರೆಯುವುದರಲ್ಲಿಯೇ ಸಂಜೆ ಕಳೆಯುವುದಂತೆ. ಹಿರಿಯರು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದರು. "ಕೇಳಲಿ ಬಿಡು. ಕೇಳಿದಾವ ಇವತ್ತಿಲ್ಲ ನಾಳಿ ತಿಂತಾನ" ಎಂದರು. ಆ ಬೆಲ್ಲದ ವ್ಯಾಪಾರ ಎಷ್ಟು ಬೆಳೆಯುವುದೋ ನಾವು ಹೇಳಲಾರೆವು. ಬೆಳೆದಷ್ಟೂ ಅದು ಅವರದೇ ಬೆಲ್ಲವಾಗಿರುವುದೆಂದು ಮಾತ್ರ ನಿಶ್ಚಯವಾಗಿ ಹೇಳಬಹುದು.